ವ್ಯಾಂಕ್ಲಿನ್ ಮತ್ತು ಅಪ್‌ಹೋಲ್ಡರ್: ಗೈರೊ ಕೆಟ್ಟಿದ್ದ ಸಬ್‌ಮರೀನ್ 1941ರ ಸೆಪ್ಟೆಂಬರ್ 18ರ ಬೆಳಗಿನ ಜಾವ ಗುರಿ ಮುಟ್ಟಿದ್ದು ಹೇಗೆ?

ಕಡಲಂಚು (ಪ್ರಶ್ನೆ)

ಮೆಡಿಟರೇನಿಯನ್ ಸಮುದ್ರದ ಯುದ್ಧದ ಬಗ್ಗೆ ಆಸಕ್ತಿ ಇರುವವರಿಗೆ ಮಾಲ್ಕಮ್ ಡೇವಿಡ್ ವ್ಯಾಂಕ್ಲಿನ್ ಹೊಸ ಹೆಸರಲ್ಲ. 1911ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿ, ಬ್ರಿಟಿಷ್ ನೌಕಾಪಡೆ ಸೇರಿ, 1941ರ ಜನವರಿಯಿಂದ 1942ರ ಏಪ್ರಿಲ್‌ವರೆಗೆ ಮಾಲ್ಟಾದಿಂದ ಅಪ್‌ಹೋಲ್ಡರ್ ಸಬ್‌ಮರೀನನ್ನು ನಡೆಸಿದವನು. ಕಾಂಟೆ ರೊಸ್ಸೊ (17,879 ಟನ್), ನೆಪ್ಟೂನಿಯಾ (19,475 ಟನ್), ಓಶಿಯಾನಿಯಾ (19,507 ಟನ್), ಅವನು ಮುಳುಗಿಸಿದ ಈ ಮೂರು ಇಟಾಲಿಯನ್ ಸೈನಿಕ ಸಾಗಣೆ ಹಡಗುಗಳೇ ಸೇರಿ ಸುಮಾರು 57,000 ಟನ್ ಆಗುತ್ತದೆ. ಇದರ ಜೊತೆಗೆ ಲಿಬೆಚ್ಚೊ ಡೆಸ್ಟ್ರಾಯರ್, ಸೇಂಟ್ ಬಾನ್ ಮತ್ತು ಟ್ರಿಕೆಕೊ ಎಂಬ ಎರಡು ಇಟಾಲಿಯನ್ ಸಬ್‌ಮರೀನ್‌ಗಳು. ಗಾರಿಬಾಲ್ದಿ ಕ್ರೂಸರ್‌ಗೂ ಪೆಟ್ಟು ಕೊಟ್ಟಿದ್ದ.

ಘಟನೆಗಳು ಎಲ್ಲ ಕಡೆ ಸಿಗುತ್ತವೆ. ಅವುಗಳ ಹಿಂದಿನ ಲೆಕ್ಕ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಒಂದು: ಸೆಪ್ಟೆಂಬರ್ 18ರ ಬೆಳಗಿನ ಜಾವ ನಾಲ್ಕರ ಸುಮಾರಿಗೆ, ನೀರಿನ ಮೇಲೆಯೇ ಇದ್ದುಕೊಂಡು, 5,000 ಗಜ ದೂರದಿಂದ ನಾಲ್ಕು ಟಾರ್ಪಿಡೊ ಹಾರಿಸಿದ. ಗೈರೊ ದಿಕ್ಸೂಚಿ (ವೇಗವಾಗಿ ಸುತ್ತುವ ಚಕ್ರದ ಬಲದಿಂದ ದಿಕ್ಕು ತೋರಿಸುವ ಯಂತ್ರ) ಕೈಕೊಟ್ಟಿತ್ತು, ಕಾಂತೀಯ ದಿಕ್ಸೂಚಿ ನೋಡಿಕೊಂಡು ಚುಕ್ಕಾಣಿ ಹಿಡಿದಿದ್ದರು, ಸಬ್‌ಮರೀನಿನ ಮೂತಿ ಅತ್ತಿತ್ತ ಹೊರಳುತ್ತಿತ್ತು. ಆದರೂ ಎರಡು ಹಡಗಿಗೆ ತಗುಲಿತು. ಇದನ್ನು ಅದೃಷ್ಟ ಅನ್ನಬೇಕೋ, ಅದರೊಳಗೆ ಒಂದು ವಿಧಾನ ಇದೆಯೋ?

ಎರಡು: 1941ರ ಮೇ 24ರಂದು ಕಾಂಟೆ ರೊಸ್ಸೊ ಮುಳುಗಿಸಿದಾಗ ಆಲಿಸುವ ಉಪಕರಣ ಕೆಟ್ಟಿತ್ತು. ಇಪ್ಪತ್ತು ನಿಮಿಷದಲ್ಲಿ 37 ಡೆಪ್ತ್ ಚಾರ್ಜ್ (ನೀರಿನಡಿ ಸಿಡಿಯುವ ಬಾಂಬ್) ಬಿದ್ದವು. ಕಿವಿಯಿಲ್ಲದ ಸಬ್‌ಮರೀನ್ ಹೇಗೆ ತಪ್ಪಿಸಿಕೊಂಡಿತು?

ಮೂರು: ಕೊನೆಗೆ ಅಪ್‌ಹೋಲ್ಡರ್ ಮುಳುಗಿದ್ದು ಪೆಗಾಸೊ ಎಂಬ ಇಟಾಲಿಯನ್ ಬೆಂಗಾವಲು ನೌಕೆ ಹಾಕಿದ ಡೆಪ್ತ್ ಚಾರ್ಜ್‌ನಿಂದಲೋ, ಸಮುದ್ರದಲ್ಲಿ ಮೊದಲೇ ಹುದುಗಿಸಿಟ್ಟ ಸಿಡಿಗುಂಡಿನಿಂದಲೋ (ಮೈನ್)?

ತಳಗಾಮಿ

ಮೊದಲನೆಯದಕ್ಕೆ ಉತ್ತರಿಸುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಅಮೆರಿಕನ್ನರ ಹಾಗೂ ಜರ್ಮನ್ನರ ಸಬ್‌ಮರೀನ್‌ಗಳಲ್ಲಿ ಟಾರ್ಪಿಡೊ ಕೊಳವೆಯಿಂದ ಹೊರಬಿದ್ದ ಮೇಲೆ ಇಷ್ಟು ಡಿಗ್ರಿ ತಿರುಗಿಕೊಂಡು ಹೋಗು ಅಂತ ಅದರ ಗೈರೊಗೆ ಮೊದಲೇ ಹೇಳಿಕೊಡುವ ಯಂತ್ರ ಇತ್ತು. ಅಪ್‌ಹೋಲ್ಡರ್‌ನಂಥ ಬ್ರಿಟಿಷ್ ಸಬ್‌ಮರೀನ್‌ಗೆ ಆ ಸೌಕರ್ಯ ಇರಲಿಲ್ಲ. ಮೂತಿ ಯಾವ ಕಡೆಗಿದೆಯೋ ಟಾರ್ಪಿಡೊ ಆ ಕಡೆಗೇ ನೇರ ಓಡುತ್ತಿತ್ತು. ಅಂದರೆ ಇಡೀ ಸಬ್‌ಮರೀನೇ ಬಂದೂಕಿನ ನಳಿಕೆ, ಗುರಿಯಿಡಬೇಕಾದರೆ ಅದನ್ನೇ ತಿರುಗಿಸಬೇಕು.

ಹಡಗು ಚಲಿಸುತ್ತಿರುತ್ತದೆ, ಹಾಗಾಗಿ ಅದು ಈಗ ಇರುವ ಕಡೆಗೆ ಹೊಡೆದರೆ ಪ್ರಯೋಜನವಿಲ್ಲ, ಮುಂದೆ ಬಂದು ಸೇರುವ ಕಡೆಗೆ ಹೊಡೆಯಬೇಕು. ಎಷ್ಟು ಮುಂದೆ ಎಂಬ ಕೋನಕ್ಕೆ ಬ್ರಿಟಿಷರು ಡಿ.ಎ. ಅನ್ನುತ್ತಿದ್ದರು. ಅದರ ಸೂತ್ರ ಸರಳ. ಹಡಗಿನ ವೇಗವನ್ನು ಟಾರ್ಪಿಡೊ ವೇಗದಿಂದ ಭಾಗಿಸಿ, ಹಡಗಿನ ಮೂತಿಗೂ ನಮ್ಮ ದೃಷ್ಟಿರೇಖೆಗೂ ನಡುವಿನ ಕೋನದ ಸೈನ್‌ನಿಂದ ಗುಣಿಸಿದರೆ ಡಿ.ಎ. ಕೋನದ ಸೈನ್ ಸಿಗುತ್ತದೆ. ಮಾರ್ಕ್ 8 ಟಾರ್ಪಿಡೊ, ವೇಗ 45 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಹಡಗು 17 ನಾಟ್ ಎಂದು ಹಿಡಿಯಿರಿ. ಹಡಗಿನ ಪಕ್ಕ ನಮಗೆ ಪೂರಾ ಅಡ್ಡವಾಗಿ, ಅಂದರೆ 90 ಡಿಗ್ರಿಯಲ್ಲಿ ಕಂಡರೆ, 17 ಭಾಗಿಸು 45 ಅಂದರೆ 0.378, ಕೋನ ಸುಮಾರು 22 ಡಿಗ್ರಿ. ಪೆರಿಸ್ಕೋಪನ್ನೋ ಸೇತುವೆಯ (ಗೋಪುರದ ಮೇಲೆ ಕಮಾಂಡರ್ ನಿಲ್ಲುವ ಜಾಗ, ಬ್ರಿಜ್) ಮೇಲಿನ ರಾತ್ರಿ ಸೈಟನ್ನೋ (ಗುರಿ ನೋಡುವ ಸಾಧನ) ಮೂತಿಯಿಂದ 22 ಡಿಗ್ರಿಗೆ ತಿರುಗಿಸಿ ಕಾಯುವುದು, ಹಡಗು ಆ ಗೆರೆಗೆ ಬಂದ ಕೂಡಲೇ ಹಾರಿಸುವುದು.

ಈ ಸೂತ್ರದಲ್ಲಿ ದೂರ ಎಲ್ಲೂ ಬರುವುದಿಲ್ಲ ಅನ್ನುವುದನ್ನು ಗಮನಿಸಿ. 900 ಮೀಟರ್ ಇರಲಿ, 4,500 ಮೀಟರ್ ಇರಲಿ, ಕೋನ ಅದೇ. ದೂರ ತನ್ನ ಬೆಲೆ ವಸೂಲಿ ಮಾಡುವುದು ಅಂದಾಜಿನ ತಪ್ಪನ್ನು ಹಿಗ್ಗಿಸುವುದರಲ್ಲಿ. 5,000 ಗಜ ಅಂದರೆ 4,570 ಮೀಟರ್. ಟಾರ್ಪಿಡೊ ಹಡಗಿನ ಪಕ್ಕಕ್ಕೆ ಲಂಬವಾಗಿ ಬಡಿಯುವಂತೆ ಲೆಕ್ಕ ಹಾಕಿದರೆ ಅದು ಓಡಬೇಕಾದ ದಾರಿ ಸುಮಾರು 4,280 ಮೀಟರ್, ಹಿಡಿಯುವ ಸಮಯ 185 ಸೆಕೆಂಡು. ಹಡಗಿನ ವೇಗದ ಅಂದಾಜು ಬರೀ 1 ನಾಟ್ ತಪ್ಪಿದರೂ ಈ ಮೂರು ನಿಮಿಷದಲ್ಲಿ ಗುರಿ 95 ಮೀಟರ್ ಆಚೀಚೆಯಾಗುತ್ತದೆ. ಮೂತಿಯ ದಿಕ್ಕು 1 ಡಿಗ್ರಿ ತಪ್ಪಿದರೆ ಇನ್ನು 75 ಮೀಟರ್. ಎರಡೂ ಒಂದೇ ಕಡೆಗೆ ಕೂಡಿಕೊಂಡರೆ 170 ಮೀಟರ್, ನೆಪ್ಟೂನಿಯಾದ ಉದ್ದವೇ ಸುಮಾರು 180 ಮೀಟರ್. ನಟ್ಟನಡುವೆ ಗುರಿಯಿಟ್ಟವನಿಗೆ ಆಚೆಗೆ 90, ಈಚೆಗೆ 90 ಮೀಟರ್ ಅಷ್ಟೇ ಸಡಿಲ.

ಇದೇ ಎರಡು ತಪ್ಪನ್ನು 900 ಮೀಟರ್‌ನಲ್ಲಿ ಮಾಡಿ ನೋಡಿ. ಓಟ 36 ಸೆಕೆಂಡು, ಒಂದರಿಂದ 19 ಮೀಟರ್, ಇನ್ನೊಂದರಿಂದ 15 ಮೀಟರ್. ಒಟ್ಟು 34. ಹಡಗಿನ ಮಧ್ಯಕ್ಕೆ ತಗಲದಿದ್ದರೂ ಹಡಗಿಗಂತೂ ತಗಲುತ್ತದೆ.

ವ್ಯಾಂಕ್ಲಿನ್‌ನನ್ನು ಧೈರ್ಯಶಾಲಿ ಎಂದು ಹೊಗಳಿ ನಿಲ್ಲಿಸುವವರು ಇದನ್ನು ನೋಡುವುದಿಲ್ಲ ಅನ್ನುವುದು ನನ್ನ ಬೇಸರ. ಬೆಂಗಾವಲು ಡೆಸ್ಟ್ರಾಯರ್‌ಗಳ ಒಳಗೆ ನುಗ್ಗಿದ್ದು ಸಾಹಸದ ಹಂಬಲದಿಂದಲ್ಲ. ತನ್ನ ಅಂದಾಜಿನಲ್ಲಿ ತಪ್ಪು ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡು, ಆ ತಪ್ಪು ಹಡಗಿನ ಉದ್ದದೊಳಗೇ ಉಳಿಯುವಷ್ಟು ಹತ್ತಿರ ಹೋಗುತ್ತಿದ್ದ. ಜನವರಿ ಕೊನೆಯಲ್ಲಿ ಡ್ಯೂಸ್‌ಬರ್ಗ್ ಹಡಗಿಗೆ ಪೆಟ್ಟು ಕೊಟ್ಟ ಮೇಲೆ ಸಾಲಾಗಿ ಕೆಲವು ಗಸ್ತು ಬರಿಗೈಯಲ್ಲಿ ಮುಗಿದಿದ್ದವು. ಮಾಲ್ಟಾದ ಸಬ್‌ಮರೀನ್‌ಗಳ ಮೇಲಧಿಕಾರಿ ಸಿಂಪ್ಸನ್, ಇವನ ಕೈಯಲ್ಲಿ ಟಾರ್ಪಿಡೊ ವ್ಯರ್ಥವಾಗುತ್ತಿದೆಯೇ ಎಂದು ಯೋಚಿಸುವ ಮಟ್ಟಿಗೆ ಹೋಗಿದ್ದರು. ಏಪ್ರಿಲ್ 25ರಂದು ಆಂಟೋನಿಯೆಟ್ಟಾ ಲೌರೊ ಮುಳುಗಿತು, ಮೇ 1ರಂದು ಇನ್ನೆರಡು. ಅಲ್ಲಿಂದ ಹಿಂತಿರುಗಿ ನೋಡಲಿಲ್ಲ.

ಕಡಲಂಚು

ತುಂಬಾ ಉಪಕಾರ. ಆದರೆ ಸೆಪ್ಟೆಂಬರ್ 18ರಂದು ಹತ್ತಿರ ಹೋಗಲೇ ಇಲ್ಲವಲ್ಲ? ಅದೂ ಮೂತಿ ಹೊರಳಾಡುವಾಗ. ನಿಮ್ಮ ಲೆಕ್ಕದ ಪ್ರಕಾರವೇ 4 ಡಿಗ್ರಿ ಹೊರಳಿದರೆ 300 ಮೀಟರ್ ಹೋಯಿತು.

ತಳಗಾಮಿ

ಹತ್ತಿರ ಹೋಗಲಿಲ್ಲ ಅನ್ನುವುದಕ್ಕಿಂತ ಹೋಗಲು ಆಗಲಿಲ್ಲ. ವಲ್ಕೇನಿಯಾ, ನೆಪ್ಟೂನಿಯಾ, ಓಶಿಯಾನಿಯಾ ಮೂರೂ ಟಾರಾಂಟೊದಿಂದ ಟ್ರಿಪೋಲಿಗೆ ಹೊರಟಿದ್ದವು. ಸಿಂಪ್ಸನ್ ಅಪ್‌ಹೋಲ್ಡರ್, ಅನ್‌ಬೀಟನ್, ಅಪ್‌ರೈಟ್ ಎಂಬ ಮೂರು ಸಬ್‌ಮರೀನ್‌ಗಳನ್ನು ಸಾಲಾಗಿ ನಿಲ್ಲಿಸಿ, ಅರ್ಸುಲಾವನ್ನು ಟ್ರಿಪೋಲಿಗೆ ಹತ್ತಿರ ಇಟ್ಟಿದ್ದರು. ಮೊದಲು ಕಂಡದ್ದು ಅನ್‌ಬೀಟನ್‌ಗೆ. ತನಗೆ ಎಟುಕುವುದಿಲ್ಲ ಎಂದಾಗ ಅದು ವೈರ್‌ಲೆಸ್‌ನಲ್ಲಿ ಸುದ್ದಿ ಕೊಟ್ಟಿತು. ಅಪ್‌ಹೋಲ್ಡರ್‌ನಂಥ ಯು ವರ್ಗದ ಸಬ್‌ಮರೀನ್ ನೀರಿನ ಮೇಲೆ ಓಡುವುದೇ ಹನ್ನೊಂದು ಚಿಲ್ಲರೆ ನಾಟ್. 17 ನಾಟ್ ಹಡಗನ್ನು ಬೆನ್ನಟ್ಟಿ ಹಿಡಿಯುವ ಮಾತೇ ಇಲ್ಲ, ಎದುರಿನಿಂದ ಓರೆಯಾಗಿ ಎಷ್ಟು ಒತ್ತಬಹುದೋ ಅಷ್ಟು ಒತ್ತಿ, ದೂರ ಇನ್ನು ಕಡಿಮೆಯಾಗದು ಅನ್ನಿಸಿದ ಕ್ಷಣದಲ್ಲಿ ಹಾರಿಸಬೇಕು. ಮಾರ್ಕ್ 8ರ ಓಟದ ಮಿತಿಯೇ ಸುಮಾರು 4,570 ಮೀಟರ್. ಇನ್ನೊಂದಿಷ್ಟು ದೂರ ಹೆಚ್ಚಿದ್ದರೆ ಟಾರ್ಪಿಡೊ ತಲುಪುವ ಮೊದಲೇ ನಿಂತುಬಿಡುತ್ತಿತ್ತು.

ಈಗ ಹೊರಳಾಟದ ವಿಷಯ. ಎರಡು ಗೈರೊಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಕೆಟ್ಟದ್ದು ಸಬ್‌ಮರೀನಿನ ದಿಕ್ಸೂಚಿಯ ಗೈರೊ. ಪ್ರತಿ ಟಾರ್ಪಿಡೊದ ಹೊಟ್ಟೆಯಲ್ಲಿ ಅದರದೇ ಆದ ಪುಟ್ಟ ಗೈರೊ ಇರುತ್ತದೆ, ಅದು ಸರಿಯಾಗಿಯೇ ಇತ್ತು. ಟಾರ್ಪಿಡೊ ಕೊಳವೆಯಲ್ಲಿ ಮುಂದೆ ಸರಿಯುವಾಗ ಅದರ ಮೇಲಿನ ಸನ್ನೆಕೋಲು ಮಗುಚಿಕೊಂಡು ಎಂಜಿನ್ ಮತ್ತು ಗೈರೊ ಚಾಲೂ ಆಗುತ್ತವೆ. ಆ ಕ್ಷಣದಲ್ಲಿ ಮೂತಿ ಯಾವ ದಿಕ್ಕಿಗಿತ್ತೋ ಅದೇ ಅದರ ದಿಕ್ಕು. ಅದಾದ ಮೇಲೆ ಸಬ್‌ಮರೀನ್ ಎಷ್ಟು ಹೊರಳಿದರೂ ಟಾರ್ಪಿಡೊಗೆ ಸಂಬಂಧವಿಲ್ಲ. ಹಾಗಾಗಿ ಮೂತಿ ಮೂರು ನಿಮಿಷ ಸ್ಥಿರವಾಗಿರಬೇಕಾಗಿಲ್ಲ, ಹಾರಿಸುವ ಆ ಒಂದು ಕ್ಷಣ ಸರಿಯಾದ ಕಡೆಗಿದ್ದರೆ ಸಾಕು.

ಇನ್ನೊಂದು ಅನುಕೂಲ ಜ್ಯಾಮಿತಿಯಲ್ಲೇ ಇದೆ. ಡಿ.ಎ. ಗೆರೆಯನ್ನು ಮೂತಿಯಿಂದ ಅಳೆಯುತ್ತಾರೆ, ಉತ್ತರ ದಿಕ್ಕಿನಿಂದಲ್ಲ. ಹಡಗು ಅಡ್ಡವಾಗಿ ಕಾಣುತ್ತಿರುವಾಗ ಅದರ ಕೋನವನ್ನು 90ರ ಬದಲು 80 ಎಂದು ತಪ್ಪಾಗಿ ಹಿಡಿದರೂ ಡಿ.ಎ. ಬದಲಾಗುವುದು ಡಿಗ್ರಿಯ ಮೂರನೇ ಒಂದು ಪಾಲು ಮಾತ್ರ. ಅದೇ 50ರ ಬದಲು 40 ಎಂದು ಹಿಡಿದರೆ ಸುಮಾರು 2.8 ಡಿಗ್ರಿ ಬದಲಾಗುತ್ತದೆ. ಅಂದರೆ ಅಡ್ಡಲಾಗಿ ನಿಂತ ಹಡಗಿಗೆ, ಸೈಟಿನ ಗೆರೆ ಗುರಿಯ ಮೇಲೆ ಬಂದಾಗ ಹಾರಿಸಿದರೆ ಆಯಿತು. ಗೆರೆ ಅಲ್ಲಿಗೆ ಬಂದದ್ದು ಹಡಗು ಮುಂದೆ ಸರಿದದ್ದರಿಂದಲೋ ನಮ್ಮ ಮೂತಿ ಹೊರಳಿದ್ದರಿಂದಲೋ ಅನ್ನುವುದು ಹೆಚ್ಚು ವ್ಯತ್ಯಾಸ ಮಾಡುವುದಿಲ್ಲ.

ಕಷ್ಟ ಬರುವುದು ವಿಳಂಬದಲ್ಲಿ. ಸೇತುವೆಯಿಂದ ಆಜ್ಞೆ ಕೆಳಗೆ ಹೋಗಿ, ಗಾಳಿ ಟಾರ್ಪಿಡೊವನ್ನು ದೂಡಿ, ಸನ್ನೆಕೋಲು ಮಗುಚುವ ಹೊತ್ತಿಗೆ ಒಂದೆರಡು ಸೆಕೆಂಡು ಕಳೆದಿರುತ್ತದೆ. ಮೂತಿ ಸೆಕೆಂಡಿಗೆ 1 ಡಿಗ್ರಿ ಹೊರಳುತ್ತಿದ್ದರೆ ಅಷ್ಟರಲ್ಲಿ 75ರಿಂದ 150 ಮೀಟರ್ ಕೈಬಿಟ್ಟಿತು. ಹಾಗಾಗಿ ಗೆರೆ ಗುರಿಯ ಮೇಲೆ ಬಂದಮೇಲೆ ಹೇಳಿದರೆ ತಡವಾಯಿತು. ಹೊರಳುವ ಓಘವನ್ನು ಕಣ್ಣಲ್ಲೇ ಅಳೆದು, ಗೆರೆ ಗುರಿಗೆ ಬರುವ ಮುಂಚೆಯೇ ಹೇಳಬೇಕು. ನಾಲ್ಕನ್ನೂ ಒಂದೇ ಬೀಸಿನಲ್ಲಿ ಸುರಿಯದೆ ಮೂತಿಯ ಹೋಗುಬರುವಿನಲ್ಲಿ ಹಂಚಿದ. ಎದುರಿಗೆ ಎರಡು ಹಡಗು ಒಂದರ ಮೇಲೊಂದು ಸರಿದು ಉದ್ದ ಗೋಡೆಯ ಹಾಗೆ ಕಂಡಿದ್ದವು. ಮೂತಿಯನ್ನು ಸ್ಥಿರ ಮಾಡಲಾಗದಿದ್ದಾಗ ಆ ಹೊರಳಾಟವೇ ಟಾರ್ಪಿಡೊಗಳನ್ನು ಗೋಡೆಯ ಉದ್ದಕ್ಕೆ ಹರಡುವ ಸಾಧನವಾಯಿತು. ನೆಪ್ಟೂನಿಯಾದ ನಡುವಿಗೊಂದು, ಓಶಿಯಾನಿಯಾದ ಹಿಂಭಾಗದ ಪ್ರೊಪೆಲ್ಲರ್‌ಗೊಂದು ತಗುಲಿತು. ಅದೃಷ್ಟ ಇರಲೇ ಇಲ್ಲ ಎನ್ನಲಾರೆ. ಆದರೆ ಅದೃಷ್ಟಕ್ಕೆ ಬೇಕಾದಷ್ಟು ಅಗಲದ ಬಲೆ ಬೀಸಿದ್ದು ಅವನೇ.

ಮೂರನೇ ಪಾಳಿ

ತಳಗಾಮಿ ಅವರ ಲೆಕ್ಕಕ್ಕೆ ಸಾಲು ಹೊಡೆತದ ಲೆಕ್ಕವನ್ನೂ ಸೇರಿಸುತ್ತೇನೆ, ಹೊಸದಾಗಿ ಓದುವವರು ಎಡವುವುದು ಇಲ್ಲೇ.

ಜರ್ಮನ್ನರು ಬೀಸಣಿಗೆಯಂತೆ ಬೇರೆಬೇರೆ ಕೋನಕ್ಕೆ ಬಿಡುತ್ತಿದ್ದರು. ಬ್ರಿಟಿಷರು ಮಾಮೂಲಾಗಿ ಒಂದೇ ದಿಕ್ಕಿಗೆ ಒಂದರ ಹಿಂದೊಂದು ಸಮಯ ಬಿಟ್ಟು ಹಾರಿಸುತ್ತಿದ್ದರು. ಹಡಗೇ ಮುಂದೆ ಸರಿಯುತ್ತಿರುವುದರಿಂದ ಒಂದೊಂದೂ ಅದರ ಒಂದೊಂದು ಕಡೆಗೆ ಹೋಗುತ್ತದೆ. 17 ನಾಟ್ ಅಂದರೆ ಸೆಕೆಂಡಿಗೆ 8.75 ಮೀಟರ್, 180 ಮೀಟರ್ ಹಡಗು ತನ್ನ ಉದ್ದವನ್ನು ದಾಟಲು ಸುಮಾರು 20 ಸೆಕೆಂಡು. ನಾಲ್ಕು ಟಾರ್ಪಿಡೊಗಳನ್ನು ಹಡಗಿನ ಒಂದೂವರೆ ಉದ್ದಕ್ಕೆ, ಅಂದರೆ 270 ಮೀಟರ್‌ಗೆ ಹರಡಬೇಕಾದರೆ ನಡುವೆ ಮೂರು ಅಂತರ, ಒಂದೊಂದು 90 ಮೀಟರ್, ಅಂದರೆ ಹತ್ತು ಸೆಕೆಂಡಿಗೊಂದು. ಮೇಲೆ ಹೇಳಿದ 170 ಮೀಟರ್ ತಪ್ಪು ನಡೆದರೂ ಹೀಗೆ ಹರಡಿದ್ದರೆ ಒಂದು ತಗಲುತ್ತದೆ. ಹತ್ತಿರದಿಂದ ಹೊಡೆಯುವವನಿಗೆ ನಾಲ್ಕು ಬೇಕಾಗುವುದೇ ಇಲ್ಲ, ಎರಡು ಸಾಕು. ಮೇ 24ರಂದು ಅಪ್‌ಹೋಲ್ಡರ್‌ನಲ್ಲಿ ಉಳಿದಿದ್ದದ್ದೇ ಎರಡು ಅನ್ನುವುದನ್ನು ನೆನಪಿಡಿ. ಆ ಸ್ಥಿತಿಯಲ್ಲಿ ದೂರದಿಂದ ಹೊಡೆದು ನೋಡೋಣ ಅನ್ನುವ ಆಯ್ಕೆಯೇ ಇರಲಿಲ್ಲ.

ಸಮಯ ಬಿಟ್ಟು ಹಾರಿಸುವುದರ ತೊಂದರೆ ನೀರಿನಡಿ ಇದ್ದಾಗ ಗೊತ್ತಾಗುತ್ತದೆ. ಅಪ್‌ಹೋಲ್ಡರ್ ಸುಮಾರು 58 ಮೀಟರ್ ಉದ್ದ, ನೀರಿನ ಮೇಲೆ 540 ಟನ್. ಯು ವರ್ಗವನ್ನು ಮೊದಲು ಯೋಚಿಸಿದ್ದೇ ತರಬೇತಿಗೆ, ಆಮೇಲೆ ಕೊಳವೆ ಕೂಡಿಸಿದರು. ಇಷ್ಟು ಪುಟ್ಟ ದೇಹದ ತುದಿಯಿಂದ ಒಂದೂವರೆ ಟನ್ ಟಾರ್ಪಿಡೊ ಹೊರಗೆ ಹೋದರೆ ಕೊಳವೆಗೆ ನೀರು ತುಂಬಿಕೊಳ್ಳುತ್ತದೆ ನಿಜ, ಆದರೆ ಟಾರ್ಪಿಡೊ ತಾನು ಸರಿಸುವ ನೀರಿಗಿಂತ ಭಾರ. ಹಾಗಾಗಿ ಪ್ರತಿ ಹೊಡೆತಕ್ಕೂ ಮೂತಿ ಅಷ್ಟಷ್ಟು ಹಗುರಾಗುತ್ತದೆ. ಗಮನಿಸದಿದ್ದರೆ ಮೂತಿ ಎದ್ದು, ಸಬ್‌ಮರೀನಿನ ಗೋಪುರವೇ ನೀರಿನಿಂದ ಹೊರಗೆ ಇಣುಕುತ್ತದೆ, ಅದೂ ಡೆಸ್ಟ್ರಾಯರ್ ಎದುರಿಗೆ. ಇದಕ್ಕೆ ಎರಡು ಉಪಾಯ. ಟಾರ್ಪಿಡೊ ದೂಡಿದ ಗಾಳಿಯನ್ನು ಗುಳ್ಳೆಯಾಗಿ ಹೊರಬಿಡದೆ ಒಳಗೇ ಎಳೆದುಕೊಂಡು, ಅದರ ಹಿಂದೆ ನೀರನ್ನೂ ಒಂದು ಟ್ಯಾಂಕಿಗೆ ತುಂಬಿಸುವುದು ಒಂದು. ಮೂತಿ ಏಳುವ ಸೂಚನೆ ಕಂಡ ಕೂಡಲೇ ಕ್ಯೂ ಟ್ಯಾಂಕಿಗೆ (ಬೇಗ ಮುಳುಗಲೆಂದೇ ಇರುವ ಟ್ಯಾಂಕ್) ನೀರು ಬಿಡುವುದು ಇನ್ನೊಂದು. ಕ್ಯೂ ಟ್ಯಾಂಕಿಗೆ ಕೈ ಹಾಕಿದರೆ ಸಬ್‌ಮರೀನ್ ಸೀದಾ ಕೆಳಗೆ ಇಳಿಯುತ್ತದೆ, ಪೆರಿಸ್ಕೋಪ್ ಮುಳುಗುತ್ತದೆ, ಉಳಿದ ಟಾರ್ಪಿಡೊ ಕಣ್ಣುಮುಚ್ಚಿ ಹಾರಿಸಿದ ಹಾಗೆ. ಹತ್ತತ್ತು ಸೆಕೆಂಡಿನಂತೆ ಅರ್ಧ ನಿಮಿಷ ಈ ತೂಗುಯ್ಯಾಲೆಯನ್ನು ಸಂಭಾಳಿಸಬೇಕು. ಕಮಾಂಡರ್ ಎಷ್ಟೇ ಒಳ್ಳೆಯವನಾದರೂ ಆಳ ನಿಯಂತ್ರಿಸುವ ಫಸ್ಟ್ ಲೆಫ್ಟಿನೆಂಟ್ ಮತ್ತು ಹೈಡ್ರೊಪ್ಲೇನ್ (ಸಬ್‌ಮರೀನನ್ನು ಏಳಿಸಿ ಇಳಿಸುವ ರೆಕ್ಕೆ) ಹಿಡಿದವರು ಕಚ್ಚಾ ಆಗಿದ್ದರೆ ಲೆಕ್ಕವೆಲ್ಲ ನೀರುಪಾಲು.

ವೇಗ ಮತ್ತು ದೂರ ಎಲ್ಲಿಂದ ಬರುತ್ತಿತ್ತು ಅಂತಲೂ ಕೇಳಬಹುದು. ದೂರಕ್ಕೆ ಹಡಗಿನ ಕೂವೆಯ ಎತ್ತರ ಬೇಕು. 35 ಮೀಟರ್ ಕೂವೆ ಪೆರಿಸ್ಕೋಪಿನಲ್ಲಿ 1 ಡಿಗ್ರಿ ಎತ್ತರ ಕಂಡರೆ ದೂರ ಸುಮಾರು 2,000 ಮೀಟರ್. ಎತ್ತರದ ಊಹೆ ಹತ್ತಕ್ಕೆ ಒಂದರಷ್ಟು ತಪ್ಪಿದರೆ ದೂರವೂ ಅಷ್ಟೇ ತಪ್ಪುತ್ತದೆ. ವೇಗಕ್ಕೆ ಮೂರು ಮೂಲ. ನಕ್ಷೆಯ ಮೇಲೆ ನಿಮಿಷ ನಿಮಿಷಕ್ಕೂ ಗುರುತು ಹಾಕುವುದು, ಮೂತಿಯ ಬಳಿ ಏಳುವ ನೊರೆ ನೋಡುವುದು, ಪ್ರೊಪೆಲ್ಲರ್ ಸುತ್ತುಗಳನ್ನು ಕೇಳಿ ಎಣಿಸುವುದು. ಮೇ 24ರಂದು ಮೂರನೆಯದು ಪೂರ್ತಿ ಹೋಗಿತ್ತು. ಬೆಳಕು ಇಳಿಯುತ್ತಿದ್ದರಿಂದ ಎರಡನೆಯದೂ ಅರೆಬರೆ.

ತಳಗಾಮಿ

ಫಸ್ಟ್ ಲೆಫ್ಟಿನೆಂಟ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಸೆಪ್ಟೆಂಬರ್ 18ರ ಎರಡನೇ ಅಂಕದಲ್ಲಿ ಇದು ಎದ್ದು ಕಾಣುತ್ತದೆ. ಓಶಿಯಾನಿಯಾ ಪ್ರೊಪೆಲ್ಲರ್ ಕಳೆದುಕೊಂಡು ನಿಂತಿತ್ತು, ಪಕ್ಕದಲ್ಲಿ ಡೆಸ್ಟ್ರಾಯರ್ ಕಾವಲು. ಅಪ್‌ಹೋಲ್ಡರ್ ಮುಳುಗಿ, ಕೊಳವೆಗಳಿಗೆ ಮತ್ತೆ ಟಾರ್ಪಿಡೊ ತುಂಬಿಕೊಂಡು ಬೆಳಿಗ್ಗೆ ವಾಪಸ್ ಬಂತು. ಡೆಸ್ಟ್ರಾಯರ್ ಅಡ್ಡ ಬಂದು ಆಳಕ್ಕೆ ಇಳಿಯಬೇಕಾದಾಗ ವ್ಯಾಂಕ್ಲಿನ್ ಹಿಂದೆ ಸರಿಯಲಿಲ್ಲ. ಓಶಿಯಾನಿಯಾದ ಅಡಿಯಲ್ಲೇ ನುಸುಳಿ ಆಚೆ ಬದಿಗೆ ಹೋಗಿ, ಅಲ್ಲಿ ಎದ್ದು ಎರಡು ಟಾರ್ಪಿಡೊ ಹಾರಿಸಿದ. ಸಮಯ 8 ಗಂಟೆ 51 ನಿಮಿಷ. ನಿಂತ ಹಡಗಿಗೆ ಡಿ.ಎ. ಸೊನ್ನೆ, ಲೆಕ್ಕದ ಗೋಜೇ ಇಲ್ಲ. ಅಷ್ಟು ಹೊತ್ತಿಗೆ ಅನ್‌ಬೀಟನ್ ಕೂಡ ಅಲ್ಲಿಗೆ ಬಂದು ಅದೇ ಹಡಗಿಗೆ ಗುರಿಯಿಡುತ್ತಿತ್ತು, ಕಣ್ಣೆದುರೇ ಹಡಗು ಸಿಡಿಯಿತು. ವಲ್ಕೇನಿಯಾ ಮಾತ್ರ ಅರ್ಸುಲಾ ಹಾರಿಸಿದ್ದನ್ನು ತಪ್ಪಿಸಿಕೊಂಡು ಟ್ರಿಪೋಲಿ ಸೇರಿತು.

ಎರಡು ಹಡಗಿನಲ್ಲೂ ಸೇರಿ 5,000ಕ್ಕೂ ಹೆಚ್ಚು ಜನ ಇದ್ದರು, ಸತ್ತವರು 384. ಕಾಂಟೆ ರೊಸ್ಸೊದಲ್ಲಿ ಹಾಗಾಗಲಿಲ್ಲ, 2,700 ಜನರಲ್ಲಿ ಸುಮಾರು 1,300 ಮಂದಿ ಹೋದರು. ಟನ್ ಲೆಕ್ಕ ಬರೆಯುವಾಗ ಈ ಲೆಕ್ಕವನ್ನೂ ಬರೆಯಬೇಕು.

ಕೆಸರು ತಳ

ಎರಡನೇ ಪ್ರಶ್ನೆಗೆ.

1941ರ ಮೇ ತಿಂಗಳಲ್ಲಿ ಇಟಾಲಿಯನ್ ಬೆಂಗಾವಲು ನೌಕೆಗಳ ಬಳಿ ಶಬ್ದ ಬಿಟ್ಟು ಮಾರ್ದನಿ ಹಿಡಿಯುವ ಸೋನಾರ್ ಇರಲಿಲ್ಲ, ಬರೀ ಕೇಳುವ ಹೈಡ್ರೋಫೋನ್ ಇತ್ತು. ಕೇಳಬೇಕಾದರೆ ತಾವೂ ನಿಧಾನವಾಗಬೇಕು, ಜೋರಾಗಿ ಓಡಿದರೆ ತಮ್ಮದೇ ಪ್ರೊಪೆಲ್ಲರ್ ಸದ್ದು ಕಿವಿ ತುಂಬುತ್ತದೆ. ಡೆಪ್ತ್ ಚಾರ್ಜ್ ಹಾಕಲು ಮಾತ್ರ ಜೋರಾಗಿಯೇ ಓಡಬೇಕು, ಇಲ್ಲದಿದ್ದರೆ ತಾವು ಹಾಕಿದ್ದು ತಮ್ಮ ಹಿಂಭಾಗವನ್ನೇ ಎತ್ತಿಬಿಡುತ್ತದೆ. ಹಾಗಾಗಿ ಪ್ರತಿ ದಾಳಿಯ ಕೊನೆಯ ಗಳಿಗೆಯಲ್ಲಿ ಅವರೂ ಕಿವುಡರೇ.

ಆ ಕಾಲದ ಪೀಪಾಯಿಯಂಥ ಡೆಪ್ತ್ ಚಾರ್ಜ್ ಸೆಕೆಂಡಿಗೆ ಸುಮಾರು 3 ಮೀಟರ್ ಮುಳುಗುತ್ತದೆ ಎಂದು ಹಿಡಿಯಿರಿ. 45 ಮೀಟರ್ ಆಳಕ್ಕೆ 15 ಸೆಕೆಂಡು. ಅಷ್ಟರಲ್ಲಿ 3 ನಾಟ್‌ನಲ್ಲಿ ತೆವಳುವ ಸಬ್‌ಮರೀನ್ 23 ಮೀಟರ್ ಸರಿದಿರುತ್ತದೆ. ಉಕ್ಕಿನ ಹೊಟ್ಟೆ ಒಡೆಯಬೇಕಾದರೆ ಸಿಡಿತ ಕೆಲವೇ ಮೀಟರ್ ಹತ್ತಿರ ಆಗಬೇಕು. ಆಳವನ್ನು ಮೊದಲೇ ಊಹಿಸಿ ಚಾರ್ಜ್‌ಗೆ ಹೊಂದಿಸಿರಬೇಕು, ಅಡ್ಡಕ್ಕೂ ಉದ್ದಕ್ಕೂ ಊಹೆ ಸರಿಯಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಒಳಗೆ ಬಲ್ಬು ಒಡೆದು, ಬಣ್ಣದ ಚಕ್ಕೆ ಉದುರಿ, ಕವಾಟ ಸೋರಿ ಮುಗಿಯುತ್ತದೆ.

ಕೇಳುವ ಉಪಕರಣ ಸರಿಯಿರುವ ಸಬ್‌ಮರೀನ್, ಡೆಸ್ಟ್ರಾಯರ್ ಪ್ರೊಪೆಲ್ಲರ್ ಸುತ್ತು ಏರಿದ್ದು ಕೇಳಿದ ಕೂಡಲೇ ಚುಕ್ಕಾಣಿ ಪೂರಾ ತಿರುಗಿಸಿ ಪಕ್ಕಕ್ಕೆ ಸರಿಯುತ್ತದೆ. ಅಪ್‌ಹೋಲ್ಡರ್‌ಗೆ ಆ ಮುನ್ಸೂಚನೆ ಇರಲಿಲ್ಲ. ಪ್ರೊಪೆಲ್ಲರ್ ಸದ್ದು ಬರಿಗಿವಿಗೇ ಕೇಳುವಷ್ಟು ಹತ್ತಿರ ಬಂದ ಮೇಲೆ, ಅಂದರೆ ತಲೆಯ ಮೇಲೇ ಬಂದ ಮೇಲೆ, ತಿಳಿಯುತ್ತದೆ. ಹಾಗಾದಾಗ ಉಳಿಯುವ ದಾರಿ ಇಷ್ಟು: ಪಂಪು, ಫ್ಯಾನು, ಗದ್ದಲ ಮಾಡುವುದೆಲ್ಲ ನಿಲ್ಲಿಸಿ ಕನಿಷ್ಠ ವೇಗದಲ್ಲಿ ಹೋಗುವುದು. ಸಿಡಿತದ ಸದ್ದಿನಿಂದ ನೀರು ಕಲಕಿ ಯಾರಿಗೂ ಏನೂ ಕೇಳದಿರುವಾಗ ಮಾತ್ರ ವೇಗ ಏರಿಸಿ ದಿಕ್ಕು ಬದಲಿಸುವುದು, ಸದ್ದು ಇಳಿಯುವ ಮುಂಚೆ ಮತ್ತೆ ನಿಧಾನವಾಗುವುದು. ಯು ವರ್ಗದ ಮಿತಿ 200 ಅಡಿ, ಸುಮಾರು 60 ಮೀಟರ್. ಆಳಕ್ಕೆ ಇಳಿದು ಬಚಾವಾಗುವ ಜಾಗ ಹೆಚ್ಚಿಲ್ಲ. ಇದ್ದ ಒಂದೇ ಬಲ ಅಂದರೆ ಗಾತ್ರ. ಚಿಕ್ಕ ಸಬ್‌ಮರೀನ್ ಬೇಗ ತಿರುಗುತ್ತದೆ, ಸದ್ದೂ ಕಡಿಮೆ. ಯು ವರ್ಗದಲ್ಲಿ ಡೀಸೆಲ್ ಎಂಜಿನ್ ವಿದ್ಯುತ್ ಉತ್ಪಾದಿಸಲು ಮಾತ್ರ, ಪ್ರೊಪೆಲ್ಲರ್ ತಿರುಗಿಸುವುದು ಯಾವಾಗಲೂ ವಿದ್ಯುತ್ ಮೋಟರ್.

ಮೆಡಿಟರೇನಿಯನ್ ನೀರು ತಿಳಿ, ಶಾಂತವಾಗಿದ್ದರೆ ಪೆರಿಸ್ಕೋಪ್ ಆಳದಲ್ಲಿರುವ ಸಬ್‌ಮರೀನ್ ವಿಮಾನಕ್ಕೆ ನೆರಳಿನಂತೆ ಕಾಣುತ್ತದೆ. ಮಾಲ್ಟಾದ ಸಬ್‌ಮರೀನ್‌ಗಳಿಗೆ ಕಡುನೀಲಿ ಬಣ್ಣ ಬಳಿದದ್ದು ಇದಕ್ಕೇ. ಮುಂದೆ ನಡೆದದ್ದಕ್ಕೂ ಇದು ಸಂಬಂಧಪಟ್ಟ ವಿಷಯ.

1942ರ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ಜರ್ಮನ್ ಸೋನಾರ್ ಅಳವಡಿಸಿದ್ದ ಚಿರ್ಚೆ ಎಂಬ ಪುಟ್ಟ ಬೆಂಗಾವಲು ನೌಕೆ ಫೆಬ್ರವರಿಯೊಂದರಲ್ಲೇ ಟೆಂಪೆಸ್ಟ್ ಮತ್ತು ಪಿ38 ಎಂಬ ಎರಡು ಬ್ರಿಟಿಷ್ ಸಬ್‌ಮರೀನ್ ಮುಳುಗಿಸಿತು. ಹಿಂದಿನ ವರ್ಷದ ಉಪಾಯಗಳು ಆ ಕಿವಿಯ ಮುಂದೆ ನಡೆಯುವಂಥವಲ್ಲ.

ಕಡಲಂಚು

ಹಾಗಾದರೆ ಪೆಗಾಸೊ ವಾದಕ್ಕೇ ಹೆಚ್ಚು ತೂಕ ಅನ್ನುತ್ತೀರಾ?

ಕೆಸರು ತಳ

ನನ್ನ ಒಲವು ಅತ್ತ, ಆದರೆ ವಾದದ ಎರಡೂ ಬದಿ ಹೇಳುತ್ತೇನೆ.

ಏಪ್ರಿಲ್ 6ರಂದು ಮಾಲ್ಟಾ ಬಿಟ್ಟದ್ದು. ಈ ಗಸ್ತು ಮುಗಿಸಿ ಅಪ್‌ಹೋಲ್ಡರ್ ಇಂಗ್ಲೆಂಡಿಗೆ ಮರಳಬೇಕಿತ್ತು. ಏಪ್ರಿಲ್ 1ರ ಬಾಂಬ್ ದಾಳಿಯಲ್ಲಿ ಬಂದರಿನಲ್ಲೇ ಪ್ಯಾಂಡೋರಾ ಮತ್ತು ಪಿ36 ಮುಳುಗಿದ್ದವು, ಗಸ್ತು ಮುಗಿಸಿ ಬಂದವರಿಗೆ ಮಾಲ್ಟಾದಲ್ಲಿ ವಿಶ್ರಾಂತಿಯೇ ಇರಲಿಲ್ಲ. ಮೊದಲ ಕೆಲಸ ಟ್ಯುನಿಷಿಯಾ ಕರಾವಳಿಯಲ್ಲಿ ಗೂಢಚಾರರನ್ನು ಇಳಿಸುವುದು. ಅವರನ್ನು ದಡ ಸೇರಿಸಿದ ಕ್ಯಾಪ್ಟನ್ ವಿಲ್ಸನ್ ಏಪ್ರಿಲ್ 11ರಂದು ಸಮುದ್ರದಲ್ಲೇ ಅನ್‌ಬೀಟನ್‌ಗೆ ದಾಟಿಕೊಂಡರು. ಅದಾದ ಮೇಲೆ ಅಪ್‌ಹೋಲ್ಡರ್‌ನವರನ್ನು ಕಂಡ ಬ್ರಿಟಿಷರು ಯಾರೂ ಇಲ್ಲ.

ಶತ್ರುವಿನ ಕಾನ್ವಾಯ್ (ಬೆಂಗಾವಲಿನೊಂದಿಗೆ ಬರುವ ಹಡಗುಗಳ ಗುಂಪು) ಬರುತ್ತಿದೆ ಎಂಬ ಸುದ್ದಿ ಮೇಲೆ ಏಪ್ರಿಲ್ 12ರಂದು ಅಪ್‌ಹೋಲ್ಡರ್, ಅರ್ಜ್, ಥ್ರ್ಯಾಷರ್ ಮೂರು ಸಬ್‌ಮರೀನ್‌ಗಳಿಗೂ ಒಂದು ಗಸ್ತು ಸಾಲು ಕೊಟ್ಟರು. 14ರ ಮಧ್ಯಾಹ್ನ ವಿಮಾನವೊಂದು ನೀರಿನಲ್ಲಿ ಏನೋ ಕಂಡು ಗುರುತು ಹಾಕಿತು, ಪೆಗಾಸೊ ಅಲ್ಲಿಗೆ ಹೋಗಿ ಡೆಪ್ತ್ ಚಾರ್ಜ್ ಹಾಕಿತು. ದೂರದಲ್ಲಿ ಡೆಪ್ತ್ ಚಾರ್ಜ್ ಸಿಡಿಯುವುದು ಅರ್ಜ್‌ಗೂ ಕೇಳಿಸಿತ್ತು. ದಿನ, ಕಾನ್ವಾಯ್, ವಿಮಾನ ಮೂರೂ ಹೊಂದುತ್ತವೆ. ತಿಳಿನೀರಿನ ಮಾತು ಮೇಲೆ ಹೇಳಿದ್ದು ಇದಕ್ಕೇ.

ಎದುರು ವಾದ ಏನೆಂದರೆ, ಪೆಗಾಸೊ ದಾಳಿಯ ನಂತರ ಎಣ್ಣೆಯಾಗಲಿ ಅವಶೇಷವಾಗಲಿ ಕಾಣಲಿಲ್ಲ. 12ರ ಆಜ್ಞೆಗೆ ಅಪ್‌ಹೋಲ್ಡರ್ ಉತ್ತರಿಸಿದ ಗುರುತಿಲ್ಲ. ವಿಲ್ಸನ್‌ರನ್ನು ದಾಟಿಸಿದ ಮೇಲೆ ಟ್ರಿಪೋಲಿ ಕಡೆ ಹೋಗುವಾಗ ಸಿಡಿಗುಂಡಿನ ಸಾಲಿಗೆ ತಾಗಿ ಆಗಲೇ ಹೋಗಿರಬಹುದು, ಪೆಗಾಸೊ ಹೊಡೆದದ್ದು ಏನೂ ಇಲ್ಲದ ನೀರಿಗೆ ಎಂದು ಈ ಪಕ್ಷದವರು ಹೇಳುತ್ತಾರೆ. ಉತ್ತರ ಬಾರದಿದ್ದದ್ದನ್ನು ನಾನು ದೊಡ್ಡ ಸಾಕ್ಷಿ ಎನ್ನಲಾರೆ. ಗಸ್ತಿನಲ್ಲಿದ್ದ ಸಬ್‌ಮರೀನ್ ವೈರ್‌ಲೆಸ್ ಬಳಸಿದರೆ ತನ್ನ ಇರುವನ್ನು ಶತ್ರುವಿಗೆ ತಾನೇ ಸಾರಿದ ಹಾಗೆ, ಆಜ್ಞೆ ಕೇಳಿಸಿಕೊಂಡು ಸುಮ್ಮನೆ ಹೋಗುವುದೇ ರೂಢಿ. ಅವಶೇಷ ಕಾಣದ್ದು ಮಾತ್ರ ಗಟ್ಟಿ ಆಕ್ಷೇಪ, ಅದನ್ನು ತಳ್ಳಿಹಾಕುವಂತಿಲ್ಲ.

ಮೂರನೇ ಪಾಳಿ

ಕೊನೆಯದಾಗಿ, ಸ್ವಂತ ಲೆಕ್ಕ ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ. ಮಾಲ್ಟಾದ ದಾಸ್ತಾನು ಖಾಲಿಯಾದಾಗ ಡೆಸ್ಟ್ರಾಯರ್‌ಗಳಿಗೆಂದು ಇದ್ದ ಹಳೆಯ ಮಾರ್ಕ್ 4 ಟಾರ್ಪಿಡೊಗಳನ್ನೂ ಸಬ್‌ಮರೀನ್‌ಗಳಿಗೆ ಹಾಕಿದ್ದುಂಟು. ಅದರ ವೇಗ ಮಾರ್ಕ್ 8ಕ್ಕಿಂತ ಕಡಿಮೆ. ಹಾಗಾಗಿ ಯಾವ ದಾಳಿಗೇ ಆಗಲಿ ಡಿ.ಎ. ಕಟ್ಟುವ ಮೊದಲು ಆ ಗಸ್ತಿನಲ್ಲಿ ಕೊಳವೆಯಲ್ಲಿದ್ದದ್ದು ಯಾವ ಮಾರ್ಕ್ ಎಂದು ನೋಡಿಕೊಳ್ಳಿ. ಉದಾಹರಣೆಗೆ 17 ನಾಟ್ ಹಡಗಿಗೆ 45ರ ಬದಲು 40 ನಾಟ್ ಟಾರ್ಪಿಡೊ ಇದ್ದರೆ 22 ಡಿಗ್ರಿ ಹೋಗಿ 25 ಡಿಗ್ರಿ ಆಗುತ್ತದೆ. 900 ಮೀಟರ್‌ನಲ್ಲಿ ಈ 3 ಡಿಗ್ರಿಗೆ 45 ಮೀಟರ್‌ಗಿಂತ ಸ್ವಲ್ಪ ಹೆಚ್ಚು, ಹೇಗೋ ಹಡಗಿಗೆ ತಾಗುತ್ತದೆ. 4,500ರಲ್ಲಿ 235 ಮೀಟರ್, ಹಡಗಿನ ಹಿಂದೆ ಖಾಲಿ ನೀರಿಗೆ.